ಕೆರೆಗೂ ಕಡಲಿಗೂ ಒಂದೇ ರೀಲ್: ಬಿಚ್ಚಿ, ತೊಳೆದು, ಮತ್ತೆ ಜೋಡಿಸಿದ ಬಗೆ

ಕೆರೆಯ ಗೆಂಡೆ ಮೀನಿಗೂ ಕಡಲ ದಂಡೆಯ ಮೀನಿಗೂ ನಾನು ಬಳಸುವುದು ಒಂದೇ ಜೋಡಿ ಸಲಕರಣೆ: ದಾರ ಸುತ್ತುವ, 4000 ಎಂಬ ಗಾತ್ರ ಸಂಖ್ಯೆಯ ಒಂದು ಸ್ಪಿನ್ನಿಂಗ್ ರೀಲ್ ಮತ್ತು ಎರಡು ತುಂಡುಗಳಾಗಿ ಬಿಚ್ಚಿಕೊಳ್ಳುವ, 2.7 ಮೀಟರ್ ಉದ್ದದ ಕಾರ್ಬನ್ ರಾಡ್. ಒಂದು ಹಂಗಾಮು ಪೂರ್ತಿ ಉಪ್ಪುನೀರಿನಲ್ಲಿ ದುಡಿದ ಮೇಲೆ ಹಿಡಿಕೆ ತಿರುಗಿಸುವಾಗ ರೀಲಿನೊಳಗಿಂದ ಕರಕರ ಸದ್ದು ಬರತೊಡಗಿತು. ಮೀನು ಜೋರಾಗಿ ಎಳೆದಾಗ ಜಾರಿ ದಾರ ಬಿಡುವ ಡ್ರ್ಯಾಗ್ ಎಂಬ ತಡೆ, ಸರಾಗವಾಗಿ ಬಿಡುವ ಬದಲು ತಡೆದು ತಡೆದು ಬಿಡುತ್ತಿತ್ತು. ರಾಡಿನ ತುದಿಯ ಉಂಗುರದಲ್ಲಿ ಹಾದು ಬಂದ ದಾರದ ಮೇಲೆ ನವಿರಾದ ಎಳೆಗಳು ಎದ್ದು ನಿಲ್ಲುತ್ತಿದ್ದವು. ಇವನ್ನೆಲ್ಲ ಸರಿಪಡಿಸಿ, ಮೊದಲು ಕೆರೆಯಲ್ಲಿ, ಆಮೇಲೆ ಕಡಲಿನಲ್ಲಿ ಪರೀಕ್ಷಿಸಿದ ಕೆಲಸದ ವಿವರವನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಕೈಯಲ್ಲಿರುವ ಹಿಡಿಕೆಯಿಂದ ಮೀನಿನ ಬಾಯಲ್ಲಿರುವ ಗಾಳದವರೆಗೆ ಇರುವುದು ಒಂದೇ ಸರಪಳಿ. ಡ್ರ್ಯಾಗ್, ಮುಖ್ಯ ದಾರ, ಅದರ ತುದಿಗೆ ಕಟ್ಟುವ ಲೀಡರ್ ಎಂಬ ದಪ್ಪ ದಾರ, ಗಾಳ ಕಟ್ಟಿದ ಕವಲು ದಾರ, ಗಾಳ ಮತ್ತು ಇವುಗಳ ನಡುವಿನ ಗಂಟುಗಳು ಅದರ ಕೊಂಡಿಗಳು. ಎಳೆತ ಮಿತಿ ಮೀರಿದಾಗ ಇವುಗಳಲ್ಲಿ ಯಾವುದಾದರೊಂದು ಸೋಲಲೇಬೇಕು. ಸೋಲುವ ಜಾಗವನ್ನು ನಾವು ಮೊದಲೇ ಗೊತ್ತುಮಾಡದಿದ್ದರೆ ಉಪ್ಪು, ತುಕ್ಕು ಮತ್ತು ಸವೆತಗಳು ತಮ್ಮಷ್ಟಕ್ಕೆ ಗೊತ್ತುಮಾಡುತ್ತವೆ. ಈ ದುರಸ್ತಿಯಲ್ಲಿ ಯಾವ ಭಾಗಕ್ಕೆ ಎಷ್ಟು ಶ್ರಮ ಹಾಕಬೇಕೆಂದು ತೀರ್ಮಾನಿಸುವಾಗ ನನ್ನ ಮುಂದಿದ್ದ ಅಳತೆಗೋಲು ಇದೊಂದೇ.

ಸದ್ದಿನ ಮೂಲ

ರೀಲ್ ಬಿಚ್ಚುವ ಮೊದಲೇ ಸದ್ದು ಎಲ್ಲಿಂದ ಬರುತ್ತಿದೆ ಎಂಬುದನ್ನು ಬಹುಮಟ್ಟಿಗೆ ಪತ್ತೆ ಹಚ್ಚಬಹುದು. ನನ್ನ ರೀಲಿನ ಗೇರ್ ಅನುಪಾತ 5.2ಕ್ಕೆ 1, ಅಂದರೆ ಹಿಡಿಕೆ ಒಂದು ಸುತ್ತು ತಿರುಗಿದರೆ ದಾರದ ಉರುಳೆಯ (ಸ್ಪೂಲ್) ಸುತ್ತ ತಿರುಗುತ್ತ ಅದಕ್ಕೆ ದಾರ ಸುತ್ತುವ ರೋಟರ್ 5.2 ಸುತ್ತು ತಿರುಗುತ್ತದೆ. ಸ್ಪೂಲನ್ನು ತೆಗೆದಿಟ್ಟು, ಕಣ್ಣುಮುಚ್ಚಿ ಹಿಡಿಕೆಯನ್ನು ನಿಧಾನವಾಗಿ ತಿರುಗಿಸುತ್ತ ಬೆರಳಿಗೆ ತಾಗುವ ತಡೆಯನ್ನು ಎಣಿಸಬೇಕು. ಒಂದು ಸುತ್ತಿಗೆ ಒಂದೇ ಸಲ ತಡೆ ಸಿಕ್ಕರೆ ದೋಷ ದೊಡ್ಡ ಗೇರಿನಲ್ಲಿ ಅಥವಾ ಹಿಡಿಕೆಯ ದಂಡಕ್ಕೆ ಆಧಾರವಾಗಿರುವ ಬೇರಿಂಗಿನಲ್ಲಿ ಇದೆ. ಸುಮಾರು ಐದು ಸಲ ಸಿಕ್ಕರೆ ರೋಟರನ್ನು ತಿರುಗಿಸುವ ಚಿಕ್ಕ ಪಿನಿಯನ್ ಗೇರ್ ಅಥವಾ ಅದರ ಬೇರಿಂಗ್ ಕಾರಣ. ಬರಿಗೈಯಲ್ಲಿ ತಿರುಗಿಸಿದಾಗ ಸದ್ದಿಲ್ಲದೆ, ದಾರಕ್ಕೆ ಭಾರ ಬಿದ್ದಾಗ ಮಾತ್ರ ಕಿರುಗುಟ್ಟಿದರೆ ರೀಲಿನ ಒಡಲನ್ನು ಬಿಚ್ಚುವ ಅಗತ್ಯವೇ ಇರದಿರಬಹುದು. ದಾರವನ್ನು ಹಿಡಿದು ಸ್ಪೂಲಿಗೆ ಒಯ್ಯುವ ಬೇಲ್ ತೋಳಿನ ತುದಿಯಲ್ಲಿ, ದಾರ ಹಾಯುವ ಪುಟ್ಟ ರೋಲರನ್ನು ಮೊದಲು ಅನುಮಾನಿಸಬೇಕು.

ನನ್ನದರಲ್ಲಿ ಎರಡು ದೋಷಗಳು ಸೇರಿಕೊಂಡಿದ್ದವು. ಹಿಡಿಕೆಯ ಒಂದು ಸುತ್ತಿಗೆ ಒಂದು ಸಣ್ಣ ತಡೆ ತಾಗುತ್ತಿತ್ತು; ರೋಲರಂತೂ ತಿರುಗುವುದನ್ನೇ ಬಿಟ್ಟಿತ್ತು. ತಿರುಗದ ರೋಲರಿನ ಮೇಲೆ ಪ್ರತಿ ಸಲವೂ ದಾರ ಉಜ್ಜಿಕೊಂಡೇ ಸಾಗುವುದರಿಂದ ಅದರ ಕಂಠದಲ್ಲಿ ಉಗುರಿಗೆ ಸಿಗುವಷ್ಟು ಒಂದು ಗೀರು ಮೂಡಿತ್ತು. ಎಳೆಗಳನ್ನು ಹೆಣೆದು ಮಾಡಿದ ಬ್ರೇಡ್ ದಾರ ಎಷ್ಟು ನುಣುಪಾಗಿ ಕಂಡರೂ ಅದರ ನೇಯ್ಗೆಯಲ್ಲಿ ಉಪ್ಪಿನ ಹರಳು ಮತ್ತು ಮರಳಿನ ಪುಡಿ ಕುಳಿತಿರುತ್ತವೆ. ಲೋಹವನ್ನು ಕೊರೆಯುವುದು ಅವೇ.

ಬಿಚ್ಚುವಾಗ ಭಾಗಗಳನ್ನು ಬಿಳಿ ಬಟ್ಟೆಯ ಮೇಲೆ ಎಡದಿಂದ ಬಲಕ್ಕೆ ಸಾಲಾಗಿ ಜೋಡಿಸುತ್ತ ಹೋದೆ, ಪ್ರತಿ ಹಂತಕ್ಕೂ ಒಂದು ಚಿತ್ರ ತೆಗೆದುಕೊಂಡೆ. ದೊಡ್ಡ ಗೇರಿನ ಎರಡೂ ಬದಿಗೆ ಕಾಗದದಷ್ಟು ತೆಳ್ಳಗಿನ ವಾಷರುಗಳಿರುತ್ತವೆ, ಅವು ಗ್ರೀಸಿಗೆ ಅಂಟಿಕೊಂಡು ಬೇರಿಂಗಿನ ಜೊತೆಯಲ್ಲೇ ಬಂದುಬಿಡುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಗೇರುಗಳ ಹಲ್ಲುಗಳು ಪರಸ್ಪರ ಎಷ್ಟು ಆಳಕ್ಕೆ ಕೂರಬೇಕೆಂಬುದನ್ನು ನಿರ್ಧರಿಸುವುದು ಈ ವಾಷರುಗಳೇ. ಎಡಬದಿಯದು ಬಲಬದಿಗೆ ಹೋದರೆ ಹೊಸ ಗೇರ್ ಹಾಕಿದರೂ ಸದ್ದು ನಿಲ್ಲುವುದಿಲ್ಲ. ರೋಟರನ್ನು ಹಿಡಿದಿಡುವ ನಟ್ಟಿನ ವಿಷಯದಲ್ಲಿಯೂ ಎಚ್ಚರ ಬೇಕು, ಏಕೆಂದರೆ ಕೆಲವು ರೀಲುಗಳಲ್ಲಿ ಅದನ್ನು ಎದುರು ದಿಕ್ಕಿಗೆ ತಿರುಗಿಸಿ ಬಿಚ್ಚಬೇಕಾಗುತ್ತದೆ.

ಒಡಲಿನ ಮುಚ್ಚಳದ ಒಂದು ಸ್ಕ್ರೂ ಜಪ್ಪಯ್ಯ ಎಂದರೂ ಕದಲಲಿಲ್ಲ. ಅದರ ತಲೆಯ ಸುತ್ತ ಬಿಳಿಯ ಪುಡಿ ಕಟ್ಟಿತ್ತು. ಒಡಲು ಅಲ್ಯೂಮಿನಿಯಂ, ಸ್ಕ್ರೂ ಸ್ಟೇನ್‌ಲೆಸ್ ಉಕ್ಕು; ಇವೆರಡರ ನಡುವೆ ಉಪ್ಪುನೀರು ಸೇರಿದರೆ ಅದೊಂದು ಚಿಕ್ಕ ವಿದ್ಯುತ್ಕೋಶವೇ ಆಗಿ, ಅಲ್ಯೂಮಿನಿಯಂ ತಾನು ಕರಗುತ್ತ ಉಕ್ಕನ್ನು ಉಳಿಸುತ್ತದೆ. ಆ ಬಿಳಿ ಪುಡಿ ಅಲ್ಯೂಮಿನಿಯಂ ಸವೆದು ಉಳಿದದ್ದು. ತುಕ್ಕು ಸಡಿಲಿಸುವ ತೆಳು ಎಣ್ಣೆಯನ್ನು ಒಂದು ಹನಿ ಬಿಟ್ಟು ರಾತ್ರಿಯಿಡೀ ಇಟ್ಟೆ. ಮರುದಿನ ತಲೆಯ ಗೀರಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರನ್ನು ಇಟ್ಟು, ಅದರ ಹಿಂಬದಿಗೆ ಮೆಲ್ಲಗೆ ತಟ್ಟಿ, ಮೊದಲು ಬಿಗಿಯುವ ದಿಕ್ಕಿಗೆ ಕೂದಲೆಳೆಯಷ್ಟು, ಆಮೇಲೆ ಬಿಚ್ಚುವ ದಿಕ್ಕಿಗೆ ತಿರುಗಿಸಿದಾಗ ಅದು ಬಿಟ್ಟುಕೊಟ್ಟಿತು. ಮತ್ತೆ ಹಾಕುವಾಗ ಎಲ್ಲ ಸ್ಕ್ರೂಗಳ ಥ್ರೆಡ್ಡಿಗೂ ಗ್ರೀಸ್ ಸವರಿದ್ದೇನೆ. ಗ್ರೀಸ್ ಇರುವಲ್ಲಿ ನೀರು ನಿಲ್ಲುವುದಿಲ್ಲ, ನೀರಿಲ್ಲದೆ ಈ ಸವೆತ ನಡೆಯುವುದಿಲ್ಲ.

ಬೇರಿಂಗ್ ಮತ್ತು ಗ್ರೀಸ್

ಗೇರುಗಳ ಹಲ್ಲು ಚೆನ್ನಾಗಿಯೇ ಇತ್ತು. ಕರಕರ ಸದ್ದಿಗೆ ಕಾರಣ ದೊಡ್ಡ ಗೇರಿನ ಒಂದು ಬದಿಯ ಬೇರಿಂಗ್. ಅದರ ಬದಿಯ ಮುಚ್ಚಳವನ್ನು ಹಿಡಿದಿಟ್ಟಿರುವ ತೆಳುವಾದ ತಂತಿಯ ಬಳೆಯನ್ನು ಸೂಜಿಯ ಮೊನೆಯಿಂದ ಎಬ್ಬಿಸಿ ತೆಗೆದರೆ ಒಳಗಿನ ಗುಂಡುಗಳು ಕಾಣುತ್ತವೆ. ಹಳೆಯ ಗ್ರೀಸ್ ಕಂದು ಬಣ್ಣಕ್ಕೆ ತಿರುಗಿ ಅಂಟಾಗಿತ್ತು. ಸೀಮೆಎಣ್ಣೆಯಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಜಾಲಿಸಿ ಒಣಗಿಸಿದ ಮೇಲೆ ಪೆನ್ಸಿಲಿಗೆ ತೂರಿಸಿ ಬೆರಳಿನಿಂದ ತಿರುಗಿಸಿ ನೋಡಿದೆ. ಸದ್ದು ಹೋಗಿ ಉದ್ದಕ್ಕೆ ತಿರುಗಿದ ಬೇರಿಂಗನ್ನು ಉಳಿಸಿಕೊಳ್ಳಬಹುದು. ತೊಳೆದ ಮೇಲೂ ತಡೆದು ನಿಲ್ಲುವುದನ್ನು ಎಸೆಯಬೇಕು, ಏಕೆಂದರೆ ಅದರೊಳಗೆ ಗುಂಡು ಉರುಳುವ ಹಾದಿಯಲ್ಲೇ ಗುಳಿ ಬಿದ್ದಿರುತ್ತದೆ ಮತ್ತು ಯಾವ ಎಣ್ಣೆಯೂ ಗುಳಿಯನ್ನು ತುಂಬುವುದಿಲ್ಲ. ಗೇರಿನ ಬೇರಿಂಗ್ ಉಳಿಯಿತು. ರೋಲರಿನ ಬೇರಿಂಗ್ ಉಳಿಯಲಿಲ್ಲ. ಒಳವ್ಯಾಸ 4, ಹೊರವ್ಯಾಸ 7, ದಪ್ಪ 2.5 ಮಿ.ಮೀ. ಇರುವ ಈ ಪುಟ್ಟ ಬೇರಿಂಗ್ ಸ್ಟೇನ್‌ಲೆಸ್ ಆಗಿದ್ದರೂ ಕೆಂಪಗಾಗಿತ್ತು. ಬೇರಿಂಗಿಗೆ ಬಳಸುವ ಗಟ್ಟಿ ಸ್ಟೇನ್‌ಲೆಸ್ ಉಕ್ಕು ಪಾತ್ರೆಯ ಸ್ಟೇನ್‌ಲೆಸ್ ಉಕ್ಕಿನಷ್ಟು ಉಪ್ಪನ್ನು ತಡೆಯುವುದಿಲ್ಲವಾದ್ದರಿಂದ ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ಬೇರಿಂಗನ್ನೂ ಗೀರು ಬಿದ್ದ ರೋಲರನ್ನೂ ಒಟ್ಟಿಗೇ ಬದಲಾಯಿಸಿದೆ.

ಗ್ರೀಸನ್ನು ಎಲ್ಲೆಡೆ ಒಂದೇ ರೀತಿ ಬಳಿಯುವ ಅಭ್ಯಾಸ ಒಳ್ಳೆಯದಲ್ಲ. ಗೇರಿನ ಹಲ್ಲುಗಳಿಗೆ ಕಡಲ ಬಳಕೆಗೆಂದೇ ತಯಾರಾದ, ನೀರಿಗೆ ಕೊಚ್ಚಿಹೋಗದ ಗ್ರೀಸನ್ನು ತೆಳುವಾಗಿ ಹಚ್ಚಿದೆ. ಒಡಲಿನ ಬೇರಿಂಗುಗಳಿಗೂ ಅದೇ ಗ್ರೀಸನ್ನು ತುಸು ಹೆಚ್ಚಾಗಿಯೇ ತುಂಬಿದೆ, ಅಲ್ಲಿ ನೀರಿಗೆ ಜಾಗವಿಲ್ಲದಂತೆ ಮಾಡುವುದೇ ಮುಖ್ಯ. ಆದರೆ ಹಿಡಿಕೆ ಹಿಂದಕ್ಕೆ ತಿರುಗದಂತೆ ತಡೆಯುವ ಕ್ಲಚ್ ಬೇರಿಂಗಿಗೆ ಗ್ರೀಸ್ ಸೋಕಲೇಬಾರದು. ಅದರೊಳಗಿನ ಸಣ್ಣ ಉರುಳೆಗಳು ಇಳಿಜಾರಿನಲ್ಲಿ ಸಿಕ್ಕಿಕೊಂಡು ದಂಡವನ್ನು ಹಿಡಿಯಬೇಕು. ಗ್ರೀಸಿನ ದಪ್ಪದಲ್ಲಿ ಅವು ಜಾರಿದರೆ ಗಾಳ ಚುಚ್ಚಲೆಂದು ರಾಡನ್ನು ಎತ್ತಿದ ಕ್ಷಣದಲ್ಲೇ ಹಿಡಿಕೆ ಹಿಮ್ಮುಖವಾಗಿ ಸುತ್ತಿ ಬೆರಳಿನ ಗೆಣ್ಣಿಗೆ ಬಡಿಯುತ್ತದೆ. ಆಲ್ಕೊಹಾಲಿನಿಂದ ತೊಳೆದು, ಒಂದೇ ಒಂದು ಹನಿ ತೆಳು ಎಣ್ಣೆ ಬಿಟ್ಟರೆ ಅದಕ್ಕೆ ಸಾಕು.

ಡ್ರ್ಯಾಗ್: ಅಳೆಯದೆ ನಂಬಬಾರದು

ಈ ಇಡೀ ಸರಪಳಿಯಲ್ಲಿ ಮುರಿಯದೆ ಸೋಲಬಲ್ಲ ಕೊಂಡಿ ಡ್ರ್ಯಾಗ್ ಒಂದೇ. ಎಳೆತ ಮಿತಿ ತಲುಪಿದಾಗ ಸ್ಪೂಲ್ ಜಾರಿ ದಾರ ಬಿಡುತ್ತದೆ, ಎಳೆತ ಇಳಿದಾಗ ಮತ್ತೆ ಹಿಡಿಯುತ್ತದೆ. ಹಾಗಾಗಿ ಹೆಚ್ಚು ಸಮಯವನ್ನು ಇದರ ಮೇಲೆಯೇ ಕಳೆದೆ.

ಸ್ಪೂಲಿನ ಮೇಲ್ಭಾಗದ ತಂತಿ ಬಳೆಯನ್ನು ತೆಗೆದರೆ ಲೋಹದ ಬಿಲ್ಲೆಗಳೂ ಕಾರ್ಬನ್ ನಾರಿನ ವಾಷರುಗಳೂ ಒಂದರ ಮೇಲೊಂದು ಕುಳಿತಿರುವುದು ಕಾಣುತ್ತದೆ. ಕಾರ್ಬನ್ ವಾಷರುಗಳ ಮೇಲ್ಮೈ ಕನ್ನಡಿಯಂತೆ ಹೊಳೆಯುತ್ತಿದ್ದು, ನೇಯ್ಗೆಯ ಗೆರೆಗಳು ಮಾಸಿಹೋಗಿದ್ದವು. ಲೋಹದ ಬಿಲ್ಲೆಗಳನ್ನು ಗಾಜಿನ ಮೇಲೆ ಅಂಟಿಸಿದ ನವಿರಾದ ನೀರಿನ ಉಜ್ಜುಕಾಗದದ ಮೇಲೆ ಎಂಟರ ಆಕಾರದಲ್ಲಿ ಉಜ್ಜಿ ಸಮತಟ್ಟು ಮಾಡಿದೆ. ವಾಷರುಗಳನ್ನು ಬದಲಾಯಿಸಿ, ಡ್ರ್ಯಾಗಿಗೆಂದೇ ಇರುವ ಗ್ರೀಸನ್ನು ಹಚ್ಚಿ, ಹೆಚ್ಚಾದದ್ದನ್ನು ಬಟ್ಟೆಯಿಂದ ಒರೆಸಿ ತೆಗೆದೆ. ಕಾರ್ಬನ್ ವಾಷರನ್ನು ಒಣದಾಗಿಯೂ ಬಳಸುವವರಿದ್ದಾರೆ. ಸಿಹಿನೀರಿಗೆ ಅದು ನಡೆಯುತ್ತದೆ, ಉಪ್ಪುನೀರಿಗೆ ಗ್ರೀಸಿನ ಪದರವೇ ಕಾವಲು ಎಂಬುದು ನನ್ನ ಅಭಿಪ್ರಾಯ.

ಅಳತೆಗೆ ಬೇಕಾದದ್ದು ಒಂದು ಸ್ಪ್ರಿಂಗ್ ತಕ್ಕಡಿ. ದಾರವನ್ನು ರಾಡಿನ ಎಲ್ಲ ಉಂಗುರಗಳ ಮೂಲಕ ಹಾಯಿಸಿ ತಕ್ಕಡಿಗೆ ಕಟ್ಟಿ, ರಾಡನ್ನು ಮೀನು ಹಿಡಿಯುವಾಗ ಇರುವಷ್ಟೇ ಓರೆಯಾಗಿ ಎತ್ತಿ, ಇನ್ನೊಬ್ಬರಿಂದ ನಿಧಾನವಾಗಿ ಎಳೆಸಬೇಕು. ರೀಲಿನಿಂದ ನೇರವಾಗಿ ಎಳೆದು ಅಳೆದರೆ ಕಡಿಮೆ ತೋರಿಸುತ್ತದೆ, ಬಾಗಿದ ರಾಡಿನ ಉಂಗುರಗಳಲ್ಲಿ ದಾರಕ್ಕೆ ಆಗುವ ಉಜ್ಜುವಿಕೆ ಅದರಲ್ಲಿ ಸೇರುವುದಿಲ್ಲ. ಎರಡು ಅಂಕಿಗಳನ್ನು ಬರೆದುಕೊಳ್ಳಬೇಕು: ಸ್ಪೂಲ್ ಕದಲುವ ಕ್ಷಣದ ಎಳೆತ ಒಂದು, ಕದಲಿದ ಮೇಲೆ ಸಾಗುವಾಗಿನ ಎಳೆತ ಇನ್ನೊಂದು. ಹಳೆಯ ವಾಷರುಗಳಲ್ಲಿ ಸಾಗುವಾಗ 1.8 ಕಿಲೋ ಇದ್ದರೆ ಕದಲಿಸಲು 2.6 ಕಿಲೋ ಬೇಕಾಗುತ್ತಿತ್ತು. ಹೊಸದರಲ್ಲಿ ಅದು 2 ಕಿಲೋಗೆ ಇಳಿಯಿತು. ಮೀನು ನಿಂತು ನಿಂತು ಓಡುವುದರಿಂದ ದಾರ ತುಂಡಾಗುವುದು ಸಾಮಾನ್ಯವಾಗಿ ಈ ಮೊದಲ ಜಗ್ಗಿನಲ್ಲಿಯೇ. ಎರಡು ಅಂಕಿಗಳ ಅಂತರ ಕಿರಿದಾಗುವುದು, ಡ್ರ್ಯಾಗ್ ಗರಿಷ್ಠ ಎಷ್ಟು ಕಿಲೋ ತಡೆಯುತ್ತದೆ ಎಂಬುದಕ್ಕಿಂತ ಮುಖ್ಯ.

ಇನ್ನೊಂದು ಲೆಕ್ಕವನ್ನೂ ಇಲ್ಲೇ ಹೇಳಬೇಕು. ಡ್ರ್ಯಾಗ್ ತಡೆಯುವುದು ಸ್ಪೂಲಿನ ತಿರುಚುಬಲವನ್ನು. ದಾರದ ಮೇಲಿನ ಎಳೆತವೆಂದರೆ ಆ ಬಲವನ್ನು ಸ್ಪೂಲಿನ ಮೇಲಿರುವ ದಾರದ ಸುರುಳಿಯ ತ್ರಿಜ್ಯದಿಂದ ಭಾಗಿಸಿದಾಗ ಬರುವ ಮೊತ್ತ. ತುಂಬಿದ ಸ್ಪೂಲಿನಲ್ಲಿ 24 ಮಿ.ಮೀ. ಇದ್ದ ತ್ರಿಜ್ಯ, ಮೀನು ದಾರ ಎಳೆದುಕೊಂಡು ಹೋಗಿ 18 ಮಿ.ಮೀ.ಗೆ ಇಳಿದರೆ, ಡ್ರ್ಯಾಗಿನ ಬಿಗಿ ಹೊಂದಿಸುವ ಗುಂಡಿಯನ್ನು ಮುಟ್ಟದಿದ್ದರೂ 1.8 ಕಿಲೋ ಇದ್ದದ್ದು 2.4 ಕಿಲೋ ಆಗುತ್ತದೆ. ದೂರ ಹೋದ ಮೀನಿಗೆ ಡ್ರ್ಯಾಗನ್ನು ಬಿಗಿಗೊಳಿಸುವ ಬದಲು ತುಸು ಸಡಿಲಿಸಬೇಕು ಎನ್ನುವುದಕ್ಕೆ ಕಾರಣ ಇದು.

ರಾಡಿನ ಉಂಗುರಗಳು

ತುದಿಯ ಉಂಗುರದ ಪಿಂಗಾಣಿ ಬಳೆಯಲ್ಲಿ ಕಣ್ಣಿಗೆ ಕಾಣದ ಬಿರುಕಿತ್ತು. ಕಿವಿಗೆ ಬಳಸುವ ಹತ್ತಿ ಕಡ್ಡಿಯನ್ನು ಬಳೆಯ ಒಳಗೆ ಒತ್ತಿ ಸುತ್ತಲೂ ತಿರುಗಿಸಿದಾಗ ಒಂದೇ ಜಾಗದಲ್ಲಿ ಹತ್ತಿಯ ಎಳೆ ಸಿಕ್ಕಿಕೊಂಡು ನಿಂತಿತು. ದಾರವನ್ನು ಸವೆಸುತ್ತಿದ್ದದ್ದು ಅದೇ ಜಾಗ. ಈ ಉಂಗುರವನ್ನು ಕಾಯಿಸಿದರೆ ಕರಗುವ ಅಂಟಿನಿಂದ ಕೂರಿಸಿರುತ್ತಾರಾದ್ದರಿಂದ ತೆಗೆಯುವುದು ಕಷ್ಟವಲ್ಲ. ಆದರೆ ಬೆಂಕಿ ತಾಗಬೇಕಾದದ್ದು ಲೋಹದ ಕೊಳವೆಗೆ ಮಾತ್ರ. ಕಾರ್ಬನ್ ನಾರುಗಳನ್ನು ಹಿಡಿದಿಟ್ಟಿರುವ ರಾಳಕ್ಕೆ ಶಾಖ ತಾಗಿದರೆ ರಾಡಿನ ತುದಿ ಮೆತ್ತಗಾಗಿ ಆಮೇಲೆ ಯಾವತ್ತೋ ಎಸೆಯುವಾಗ ಮುರಿಯುತ್ತದೆ. ಲೈಟರಿನ ಜ್ವಾಲೆಯನ್ನು ಕೊಳವೆಯ ಮೇಲೆ ಕೆಲವೇ ಕ್ಷಣ ಆಡಿಸಿ, ಇಕ್ಕಳದಿಂದ ಹಿಡಿದು ತಿರುಚದೆ ನೇರವಾಗಿ ಎಳೆದೆ. ಹೊಸದನ್ನೂ ಕರಗುವ ಅಂಟಿನಿಂದಲೇ ಕೂರಿಸಿದ್ದೇನೆ, ಎಪಾಕ್ಸಿ ಹಾಕಿದರೆ ಮುಂದಿನ ಸಲ ತೆಗೆಯಲು ಬರುವುದಿಲ್ಲ. ಅಂಟು ಬಿಸಿಯಿರುವಾಗಲೇ ರಾಡಿನ ಬುಡದಿಂದ ಒಂದು ಕಣ್ಣು ಮುಚ್ಚಿ ನೋಡಿ ಎಲ್ಲ ಉಂಗುರಗಳೂ ಒಂದೇ ನೇರಕ್ಕೆ ಬರುವಂತೆ ಹೊಂದಿಸಿಕೊಳ್ಳಬೇಕು.

ಅದರ ಕೆಳಗಿನ ಇನ್ನೊಂದು ಉಂಗುರದ ಕಾಲು ತುಕ್ಕು ಹಿಡಿದು ಅಲುಗಾಡುತ್ತಿತ್ತು. ಸುತ್ತಿದ ನೂಲು ಉಂಗುರದ ಕಾಲನ್ನು ಹತ್ತುವಲ್ಲಿ, ಕಾಲಿನ ಎರಡೂ ಪಕ್ಕಕ್ಕೆ ನೂಲು ರಾಡಿಗೆ ತಾಗದೆ ಒಂದು ಸಣ್ಣ ಸುರಂಗ ಉಳಿದಿರುತ್ತದೆ. ಅಂಟು ಅದನ್ನು ಪೂರ್ತಿ ತುಂಬದಿದ್ದರೆ ಉಪ್ಪುನೀರು ಅಲ್ಲೇ ನೆಲೆಸುತ್ತದೆ. ಹಳೆಯ ನೂಲನ್ನು ಕತ್ತರಿಸುವಾಗ ಬ್ಲೇಡನ್ನು ಲೋಹದ ಕಾಲಿನ ಬೆನ್ನ ಮೇಲೆಯೇ ಆಡಿಸಬೇಕು, ಕಾರ್ಬನ್ನಿನ ಮೇಲೆ ಬಿದ್ದ ಒಂದು ಗೀರು ರಾಡನ್ನು ಮುರಿಯಲು ಸಾಕು. ಹೊಸ ಉಂಗುರದ ಕಾಲಿನ ತುದಿಯನ್ನು ನೂಲು ನೆಗೆಯದೆ ಹತ್ತುವಂತೆ ಅರದಿಂದ ಚೂಪಾಗಿ ಇಳಿಜಾರು ಮಾಡಿಕೊಂಡೆ. ನೈಲಾನ್ ನೂಲಿನ ಮೊದಲ ಸುತ್ತುಗಳನ್ನು ಅದರದ್ದೇ ತುದಿಯ ಮೇಲೆ ಹಾಯಿಸಿ ಬಿಗಿದು, ರಾಡನ್ನು ತಿರುಗಿಸುತ್ತ ಒಂದಕ್ಕೊಂದು ತಾಗಿಕೊಂಡೇ ಸುತ್ತುಗಳು ಬೀಳುವಂತೆ ಸಾಗಿ, ಕೊನೆಗೆ ಏಳೆಂಟು ಸುತ್ತು ಉಳಿದಿರುವಾಗ ಇನ್ನೊಂದು ನೂಲಿನ ಕುಣಿಕೆಯನ್ನು ಒಳಗಿಟ್ಟು ಅದರ ಮೇಲೆ ಸುತ್ತಿದೆ. ಕಡೆಯ ತುದಿಯನ್ನು ಆ ಕುಣಿಕೆಗೆ ತೂರಿಸಿ ಎಳೆದರೆ ಅದು ಸುತ್ತುಗಳ ಅಡಿಗೆ ಸೇರಿಕೊಳ್ಳುತ್ತದೆ, ಗಂಟಿನ ಅಗತ್ಯವಿಲ್ಲ.

ಎರಡು ದ್ರವಗಳ ಎಪಾಕ್ಸಿಯನ್ನು ಸಮಭಾಗ ಅಳೆದು, ಗುಳ್ಳೆ ಏಳದಂತೆ ನಿಧಾನವಾಗಿ ಕಲಸಿ, ತೆಳು ಬ್ರಷ್ಷಿನಿಂದ ಹಚ್ಚಿದೆ. ಆ ಎರಡು ಸುರಂಗಗಳ ಬಾಯಿಗೆ ಬ್ರಷ್ಷನ್ನು ಒತ್ತಿ ಹಿಡಿದು ದ್ರವ ಒಳಗೆ ಇಳಿದು ಆಚೆ ತುದಿಯಲ್ಲಿ ಹೊಳೆಯುವವರೆಗೂ ಕಾದೆ. ಅಂಟು ಒಂದು ಕಡೆಗೆ ಜೋತುಬೀಳದಂತೆ ರಾಡನ್ನು ಮೊದಮೊದಲು ಎಡೆಬಿಡದೆ, ಆಮೇಲೆ ಆಗಾಗ ತಿರುಗಿಸುತ್ತ ಒಂದು ಸಂಜೆ ಕಳೆಯಿತು. ಒಂದು ದಿನ ಪೂರ್ತಿ ಮುಟ್ಟದೆ ಬಿಟ್ಟ ಮೇಲೆಯೇ ಅದನ್ನು ಬಾಗಿಸಿ ನೋಡಿದ್ದು.

ದಾರ, ಲೀಡರ್, ಗಂಟು

ಮುಖ್ಯ ದಾರ ಎಂಟು ಎಳೆಯ ಪಾಲಿಎಥಿಲೀನ್ ಬ್ರೇಡ್, ಜಪಾನಿ ಕ್ರಮದಲ್ಲಿ 1.5ನೇ ಸಂಖ್ಯೆಯದು. ಆ ಕ್ರಮದಲ್ಲಿ 1ನೇ ಸಂಖ್ಯೆ ಎಂದರೆ 0.165 ಮಿ.ಮೀ.; ಸಂಖ್ಯೆ ಸೂಚಿಸುವುದು ದಾರದ ಅಡ್ಡಕೊಯ್ತದ ವಿಸ್ತೀರ್ಣವನ್ನಾದ್ದರಿಂದ 1.5 ಎಂದರೆ ಸುಮಾರು 0.2 ಮಿ.ಮೀ. ಆಗುತ್ತದೆ. ಇದರ ಬಲ ಸುಮಾರು 13 ಕಿಲೋ. ಬ್ರೇಡನ್ನು ಬರೀ ಸ್ಪೂಲಿನ ಮೇಲೆ ಸುತ್ತಿದರೆ ಇಡೀ ಸುರುಳಿಯೇ ಜಾರುತ್ತದೆ, ಡ್ರ್ಯಾಗ್ ಕೆಟ್ಟಿದೆಯೆಂಬ ಭ್ರಮೆ ಹುಟ್ಟುತ್ತದೆ. ಆದ್ದರಿಂದ ಅಡಿಯಲ್ಲಿ ಕೆಲವು ಪದರ ನೈಲಾನ್ ದಾರ ಸುತ್ತಿ, ಅದಕ್ಕೆ ಬ್ರೇಡನ್ನು ಗಂಟು ಹಾಕಿ, ಒದ್ದೆ ಬಟ್ಟೆಯಲ್ಲಿ ಹಿಡಿದು ಬಿಗಿಯಾಗಿ ಸುತ್ತಿದೆ. ಸ್ಪೂಲಿನ ಅಂಚಿಗಿಂತ ಸುಮಾರು 2 ಮಿ.ಮೀ. ಕೆಳಗೇ ನಿಲ್ಲಿಸಿದ್ದೇನೆ, ಅಂಚಿನವರೆಗೆ ತುಂಬಿದರೆ ಎಸೆಯುವಾಗ ಸುರುಳಿಗಳು ಗುಂಪಾಗಿ ಹಾರಿ ಗಂಟಾಗುತ್ತವೆ.

ಬ್ರೇಡ್ ಹೆಚ್ಚುಕಡಿಮೆ ಹಿಗ್ಗುವುದೇ ಇಲ್ಲ, ಆದ್ದರಿಂದ ಮೀನು ಮೂಸಿದ್ದೂ ಬೆರಳಿಗೆ ತಿಳಿಯುತ್ತದೆ. ಆದರೆ ಬಂಡೆಗೆ ಉಜ್ಜಿದರೆ ತಡೆಯುವುದಿಲ್ಲ. ಅದಕ್ಕಾಗಿ ಮುಂದುಗಡೆ 0.45 ಮಿ.ಮೀ. ದಪ್ಪದ, 11 ಕಿಲೋ ತಡೆಯುವ ನೈಲಾನ್ ಲೀಡರ್ ಸೇರಿಸಿದೆ. ಫ್ಲೋರೊಕಾರ್ಬನ್ ನೀರಿನಲ್ಲಿ ಕಡಿಮೆ ಕಾಣುತ್ತದೆ ಎಂಬುದು ಅದರ ವಕ್ರೀಭವನ ಸೂಚ್ಯಂಕ 1.42 ನೀರಿನ 1.33ಕ್ಕೆ ನೈಲಾನಿಗಿಂತ ಹತ್ತಿರವಿರುವುದರಿಂದ ಬಂದ ಮಾತು. ಸ್ವಚ್ಛ ನೀರಿನ ಕೆರೆಯಲ್ಲಿ ಅದಕ್ಕೆ ಅರ್ಥವಿದೆ, ಅಲೆ ಒಡೆದು ಮರಳು ಕದಡುವ ಜಾಗದಲ್ಲಿ ಅದರ ಹಿಂದೆ ಬೀಳುವುದು ಅನಗತ್ಯ ಎಂದು ನನಗೆ ತೋರುತ್ತದೆ. ಲೀಡರಿನ ಬಲವನ್ನು ಮೀನಿನ ತೂಕ ನೋಡಿ ನಿರ್ಧರಿಸಿದ್ದಲ್ಲ, ಎಸೆಯುವ ಭಾರ ನೋಡಿ ನಿರ್ಧರಿಸಿದ್ದು. 28 ಗ್ರಾಂ ಭಾರಕ್ಕೆ 4.5 ಕಿಲೋ ಬಲ ಎಂಬುದು ದಂಡೆಯಿಂದ ಎಸೆಯುವವರ ರೂಢಿಯ ಲೆಕ್ಕ. ನಾನು ಎಸೆಯುವ 60 ಗ್ರಾಂ ತೂಕದ ಸೀಸದ ಗುಂಡಿಗೆ ಅದು ಸುಮಾರು 9.6 ಕಿಲೋ ಆಗುತ್ತದೆ. ಎಸೆಯುವ ಮುನ್ನ ಲೀಡರಿನ ಕೆಲವು ಸುತ್ತು ಸ್ಪೂಲಿನ ಮೇಲೂ ಇರುವಷ್ಟು ಉದ್ದ ಇಟ್ಟುಕೊಂಡರೆ ಬೆರಳು ಹಿಡಿಯುವುದು ದಪ್ಪ ನೈಲಾನನ್ನೇ ಹೊರತು ಚರ್ಮ ಸೀಳುವ ಬ್ರೇಡನ್ನಲ್ಲ.

ಬ್ರೇಡನ್ನೂ ಲೀಡರನ್ನೂ ಸೇರಿಸಲು ಎಫ್‌ಜಿ ಗಂಟನ್ನು ಹಾಕಿದೆ. ಇದರಲ್ಲಿ ಲೀಡರ್ ಮಡಚಿಕೊಳ್ಳುವುದೇ ಇಲ್ಲ; ಬಿಗಿಯಾಗಿ ಹಿಡಿದ ಬ್ರೇಡಿನ ಮೇಲೆ ಕೆಳಗೆ ಲೀಡರನ್ನು ಆಡಿಸುತ್ತ ಇಪ್ಪತ್ತರಷ್ಟು ಹೆಣಿಗೆ ಹಾಕಿ, ಅರ್ಧಗಂಟುಗಳಿಂದ ಭದ್ರಪಡಿಸಿ, ಉಗುಳಿನಿಂದ ಒದ್ದೆ ಮಾಡಿ ಬಲವಾಗಿ ಎಳೆಯಬೇಕು. ಒಣದಾಗಿ ಎಳೆದರೆ ಉಜ್ಜಿದ ಬಿಸಿಗೆ ಎಳೆಗಳು ಮೆತ್ತಗಾಗುತ್ತವೆ. ಹೆಣಿಗೆ ಸರಿಯಾಗಿ ಕಚ್ಚಿದೆ ಎಂಬುದಕ್ಕೆ ಗುರುತು ಅದರ ಬಣ್ಣ: ಬಿಗಿಯುತ್ತಿದ್ದಂತೆ ಬ್ರೇಡಿನ ಬಣ್ಣ ಗಾಢವಾಗಿ, ಲೀಡರಿನ ಮೈಗೆ ಅಂಟಿದ ಹಾಗಾಗುತ್ತದೆ. ಬಣ್ಣ ತಿರುಗದ ಗಂಟನ್ನು ಮರುಮಾತಿಲ್ಲದೆ ಕತ್ತರಿಸಿ ಹೊಸದಾಗಿ ಹಾಕುವುದು ಲೇಸು. ಎಳೆದು ನೋಡುವಾಗ ಬ್ರೇಡನ್ನು ಕೈಗೆ ಸುತ್ತಿಕೊಳ್ಳಬಾರದು, ಮರದ ಗೂಟಕ್ಕೆ ಸುತ್ತಿ ಎಳೆಯಬೇಕು.

ಲೀಡರಿನಿಂದ ಕವಲೊಡೆದು ಗಾಳಕ್ಕೆ ಹೋಗುವ ದಾರ 7 ಕಿಲೋದ್ದು, ಗಾಳದ ಗಂಟಿನಲ್ಲಿ ಅದು 6 ಕಿಲೋ ತಡೆಯುತ್ತದೆ ಎಂದಿಟ್ಟುಕೊಂಡೆ. ಡ್ರ್ಯಾಗನ್ನು 1.8 ಕಿಲೋಗೆ ಹೊಂದಿಸಿದ್ದು ಈ 6ನ್ನು ನೋಡಿ, ಅದು ಸುಮಾರು ಮೂರನೆಯ ಒಂದು ಭಾಗ. ಸೀಸದ ಗುಂಡನ್ನು ಮಾತ್ರ 3.5 ಕಿಲೋದ ತೆಳು ನೈಲಾನಿಗೆ ಕಟ್ಟಿದೆ. ಬಂಡೆಯ ಸಂದಿಯಲ್ಲಿ ಸಿಕ್ಕಿಕೊಳ್ಳುವುದು ಬಹುಪಾಲು ಗುಂಡೇ. ಅದರ ದಾರ ಎಲ್ಲಕ್ಕಿಂತ ದುರ್ಬಲವಾಗಿದ್ದರೆ ಗುಂಡೊಂದು ಹೋಗಿ ಮಿಕ್ಕದ್ದೆಲ್ಲ ಕೈಗೆ ಬರುತ್ತದೆ. ಆದರೆ 60 ಗ್ರಾಂ ಗುಂಡನ್ನು ಬೀಸಿ ಎಸೆಯುವಾಗ ಬೀಳುವ ಬಲವನ್ನು ಈ ತೆಳು ದಾರ ತಡೆಯುವ ಭರವಸೆ ಇಲ್ಲ. ಹಾಗಾಗಿ ಎಸೆಯುವಾಗ ಗುಂಡಿನ ಭಾರವನ್ನು ಲೀಡರಿನ ತುದಿಯ ಕೊಕ್ಕೆಯೇ ಹೊತ್ತು, ನೀರಿಗೆ ಬಡಿದೊಡನೆ ಕಳಚಿ ತೆಳು ದಾರಕ್ಕೆ ಒಪ್ಪಿಸುವ ಕ್ಲಿಪ್ಪನ್ನು ಬಳಸುತ್ತೇನೆ. ಎಸೆಯುವಾಗ ಹರಿದು ಹಾರುವ ಸೀಸದ ಗುಂಡು ಎದುರಿಗಿರುವವರ ಪಾಲಿಗೆ ಕವಣೆಕಲ್ಲೇ ಸರಿ.

ಗಾಳಗಳ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಮೊನೆಯನ್ನು ಹೆಬ್ಬೆರಳ ಉಗುರಿನ ಮೇಲೆ ಓರೆಯಾಗಿಟ್ಟು ಎಳೆದಾಗ ಜಾರದೆ ಕಚ್ಚಿಕೊಂಡರೆ ಅದು ಚೂಪಾಗಿದೆ. ಒಂದು ತುಕ್ಕು ಹಿಡಿದ ಗಾಳ ಪೆಟ್ಟಿಗೆಯ ಎಲ್ಲವನ್ನೂ ಕೆಡಿಸುತ್ತದಾದ್ದರಿಂದ ಬಳಸಿದವನ್ನು ಬೇರೆ ಡಬ್ಬಿಯಲ್ಲಿಟ್ಟು ತೊಳೆದ ಮೇಲೆಯೇ ಒಳಗೆ ಸೇರಿಸುತ್ತೇನೆ. ಬಿಟ್ಟುಬಿಡುವ ಮೀನಿಗೆಂದು ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿದ ಗಾಳಗಳು ಪ್ರತ್ಯೇಕವಾಗಿವೆ.

ಕೆರೆಯ ಪರೀಕ್ಷೆ

ದುರಸ್ತಿಯಾದ ರೀಲನ್ನು ಮೊದಲು ಸಿಹಿನೀರಿಗೇ ಒಯ್ಯಬೇಕು, ಏನಾದರೂ ಸರಿಯಿಲ್ಲದೆ ಮತ್ತೆ ಬಿಚ್ಚಬೇಕಾದರೆ ಒಳಗೆ ಉಪ್ಪು ಸೇರಿರುವುದಿಲ್ಲ. ಕೆರೆಗೆ ಹೋಗುವಾಗ ಭಾರದ ಲೀಡರನ್ನು ತೆಗೆದು 0.28 ಮಿ.ಮೀ. ನೈಲಾನ್ ಹಾಕಿ, ಬೆಂಡು ಮತ್ತು 6ನೇ ಸಂಖ್ಯೆಯ ಗಾಳ ಕಟ್ಟಿ, ಡ್ರ್ಯಾಗನ್ನು 1 ಕಿಲೋಗೆ ಇಳಿಸಿದೆ. ಬೆಂಡನ್ನು ನೆಟ್ಟಗೆ ನಿಲ್ಲಿಸುವ ಚಿಕ್ಕ ಗುಂಡುಗಳಿಗೆ ಸೀಸವನ್ನು ಬಳಸುವುದಿಲ್ಲ, ಟಂಗ್‌ಸ್ಟನ್ ಬಳಸುತ್ತೇನೆ. ನೀರುಹಕ್ಕಿಗಳು ಕಲ್ಲುಚೂರೆಂದು ಸೀಸದ ಗುಂಡುಗಳನ್ನು ನುಂಗಿ ವಿಷವೇರಿ ಸಾಯುತ್ತವೆ. ಹಂಸಗಳ ಸಾವಿನ ಕಾರಣಕ್ಕೇ ಬ್ರಿಟನ್ನಿನಲ್ಲಿ 28.35 ಗ್ರಾಂವರೆಗಿನ ಸೀಸದ ಗುಂಡುಗಳ ಮಾರಾಟವನ್ನು 1987ರಲ್ಲಿ ನಿಲ್ಲಿಸಲಾಯಿತು.

ಹೊಸ ರೋಲರಿನ ಅಂಚಿಗೆ ಕಪ್ಪು ಮಾರ್ಕರಿನಿಂದ ಒಂದು ಚುಕ್ಕೆ ಇಟ್ಟಿದ್ದೆ. ದಾರ ಸುತ್ತುವಾಗ ಚುಕ್ಕೆ ತಿರುಗುತ್ತಿದೆಯೇ ಎಂದು ನೋಡಿದರೆ ಸಾಕು, ರೋಲರಿನ ಸ್ಥಿತಿ ತಿಳಿಯುತ್ತದೆ. ಬೆಂಡಿನಷ್ಟು ಹಗುರವಾದ ಎಳೆತಕ್ಕೆ ಚುಕ್ಕೆ ಒಮ್ಮೆ ತಿರುಗಿ ಒಮ್ಮೆ ನಿಲ್ಲುತ್ತಿತ್ತು: ಕಡಲಿಗೆಂದು ತುಂಬಿದ ಗ್ರೀಸ್ ಕೆರೆಗೆ ದಪ್ಪವಾಗಿತ್ತು. ಅರ್ಧ ಗ್ರೀಸನ್ನು ತೆಗೆದು ಎರಡು ಹನಿ ಎಣ್ಣೆ ಬೆರೆಸಿ ಎರಡಕ್ಕೂ ಒಪ್ಪುವ ಹದಕ್ಕೆ ತಂದುಕೊಂಡೆ. ಒಂದೇ ರೀಲನ್ನು ಎರಡು ನೀರಿಗೂ ಬಳಸುವವರಿಗೆ ಇಂಥ ಹೊಂದಾಣಿಕೆ ತಪ್ಪುವುದಿಲ್ಲ. ಇದರ ಬೆಲೆ ಎಂದರೆ ರೋಲರನ್ನು ಹೆಚ್ಚು ಸಲ ಬಿಚ್ಚಬೇಕಾಗುವುದು.

ನೀರೊಳಗೆ ಗಿರಗಿರ ತಿರುಗುವ ಲೋಹದ ತಟ್ಟೆಯನ್ನು ಎಸೆದು ಎಳೆದಾಗ ದಾರ ಹುರಿಗೊಂಡು ಸಡಿಲಿದಲ್ಲೆಲ್ಲ ಸುರುಳಿ ಏಳತೊಡಗಿತು. ಸ್ಪೂಲ್ ತಿರುಗದೆ ನಿಂತು ದಾರ ಅದರ ಮುಂಭಾಗದಿಂದ ಸುರುಳಿಯಾಗಿ ಹೊರಬೀಳುವ ಈ ವಿನ್ಯಾಸಕ್ಕೆ ಆಲ್ಫ್ರೆಡ್ ಇಲಿಂಗ್‌ವರ್ತ್ 1905ರಲ್ಲಿ ಪೇಟೆಂಟ್ ಪಡೆದದ್ದು. ನೂಲಿನ ಗಿರಣಿಯ ಉದ್ಯಮಿಯಾದ ಅವರಿಗೆ ನೂಲಿನ ಉರುಳೆಯೇ ಮಾದರಿಯಾಗಿತ್ತು. ಎಸೆಯಲು ಇದರಷ್ಟು ಸಲೀಸಾದದ್ದು ಇನ್ನೊಂದಿಲ್ಲ, ಆದರೆ ಹುರಿ ಬೀಳುವ ಗುಣ ಹುಟ್ಟಿನಿಂದಲೇ ಇದರ ಜೊತೆಗಿದೆ. ತಟ್ಟೆಯ ಮುಂದೆ ಬೇರಿಂಗ್ ಮೇಲೆ ತಿರುಗುವ ಕೊಂಡಿ (ಸ್ವಿವೆಲ್) ಕಟ್ಟಿದ ಮೇಲೆ ಸುರುಳಿ ಬಹಳಮಟ್ಟಿಗೆ ನಿಂತಿತು. ಎಸೆದಾದ ಮೇಲೆ ಬೇಲನ್ನು ಹಿಡಿಕೆಯಿಂದ ಮುಚ್ಚದೆ ಕೈಯಿಂದಲೇ ಮುಚ್ಚಿ ದಾರವನ್ನು ಒಮ್ಮೆ ಜಗ್ಗಿಕೊಂಡರೆ ಸ್ಪೂಲಿನ ಮೇಲೆ ಸಡಿಲ ಸುತ್ತು ಬೀಳುವುದಿಲ್ಲ. ಸಂಜೆಯ ಹೊತ್ತಿಗೆ ಸಿಕ್ಕ ಒಂದು ಗೆಂಡೆ ಮೀನು ಡ್ರ್ಯಾಗಿನ ಪರೀಕ್ಷೆಯನ್ನೂ ಮುಗಿಸಿತು. ಗೆಂಡೆ ಸಿಡಿದು ಓಡುವುದಿಲ್ಲ, ಭಾರ ಹಾಕಿ ಒಂದೇ ಸಮನೆ ಎಳೆಯುತ್ತದೆ. ರಾಡಿನ ತುದಿ ಒಮ್ಮೆಯೂ ಜಗ್ಗದೆ, ಒಂದೇ ಬಾಗಿನಲ್ಲಿ ನಿಂತಿರಲು ಡ್ರ್ಯಾಗ್ ದಾರ ಬಿಟ್ಟುಕೊಟ್ಟಿತು.

ಕಡಲಿನಲ್ಲಿ

ಕಡಲಿಗೆ ಹುಣ್ಣಿಮೆ ಕಳೆದು ಕೆಲವು ದಿನಗಳ ಮೇಲೆ ಹೋದದ್ದು. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರವಿಳಿತದ ಅಂತರ ಹೆಚ್ಚಾಗಿ ನೀರಿನ ಸೆಳೆತಕ್ಕೆ 60 ಗ್ರಾಂ ಗುಂಡು ಒಂದೆಡೆ ನಿಲ್ಲುವುದಿಲ್ಲ. ಉಬ್ಬರದ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುವುದರಿಂದ ಹಿಂದಿನ ದಿನದ ಹೊತ್ತನ್ನೇ ನಂಬಿ ಹೊರಡುವಂತಿಲ್ಲ. ನೀರು ಏರುವ ಕಡೆಯ ಎರಡು ಗಂಟೆ ನನಗೆ ಮೆಚ್ಚು, ಬಂಡೆಯ ಮೇಲಾದರೆ ಹಿಂದಿರುಗುವ ದಾರಿ ನೀರಿನಲ್ಲಿ ಮುಚ್ಚುವುದಿಲ್ಲವೆಂದು ಖಚಿತವಾಗಿದ್ದಾಗ ಮಾತ್ರ. ಗುಡುಗಿದರೆ ಮಾತ್ರ ಎರಡು ಮಾತಿಲ್ಲದೆ ಹಿಂದಿರುಗಬೇಕು, ಕಾರ್ಬನ್ ರಾಡ್ ವಿದ್ಯುತ್ತನ್ನು ಹರಿಸುವ ವಸ್ತು.

ಮರಳಿನ ದಂಡೆಯಲ್ಲಿ ಪಿರಮಿಡ್ ಆಕಾರದ ಗುಂಡು ಹುದುಗಿಕೊಂಡು ನಿಂತಿತು. ಬಂಡೆಯ ಬಳಿಗೆ ಸರಿದ ಮೇಲೆ ಗುಂಡು ಸಂದಿಗೆ ಸಿಕ್ಕಿತು. ರಾಡನ್ನು ದಾರದ ನೇರಕ್ಕೆ ಇಟ್ಟು, ಸ್ಪೂಲನ್ನು ಅಂಗೈಯಿಂದ ಹಿಡಿದು ಹಿಂದಕ್ಕೆ ಹೆಜ್ಜೆ ಹಾಕಿದಾಗ ತೆಳು ದಾರ ಹರಿದು, ಲೀಡರ್, ಗಾಳ, ಎರೆ ಎಲ್ಲವೂ ಹಾಗೇ ಮರಳಿದವು. ಅದಾದ ಮೇಲೆ ಕಚ್ಚಿದ ಟ್ರೆವಲಿ ಜಾತಿಯ ಮೀನೊಂದು ಒಂದೇ ಓಟಕ್ಕೆ ದಾರವನ್ನು ದೂರ ಎಳೆದೊಯ್ದಿತು. ಓಟದ ನಡುವೆ ಡ್ರ್ಯಾಗಿನ ಗುಂಡಿಯನ್ನು ತುಸು ಸಡಿಲಿಸಿದೆ. ಮೀನು ದಡಕ್ಕೆ ಬಂದಾಗ ಲೀಡರಿನ ಮೈ ಒಂದು ಮೊಳದಷ್ಟು ಒರಟಾಗಿತ್ತು, ಎಫ್‌ಜಿ ಗಂಟು ಕದಲಿರಲಿಲ್ಲ. ಒರಟಾದಷ್ಟು ಉದ್ದವನ್ನು ಅಲ್ಲಿಯೇ ಕತ್ತರಿಸಿ ಹೊಸ ಗಂಟು ಹಾಕಿಕೊಂಡೆ.

ಮರಳಿ ಬಂದ ಮೇಲಿನ ತೊಳೆಯುವಿಕೆ ದುರಸ್ತಿಯಷ್ಟೇ ಮುಖ್ಯವಾದ ಕೆಲಸ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ನೀರು ಆರಿದರೂ ಉಪ್ಪು ಉಳಿಯುತ್ತದೆ, ಗಾಳಿಯ ತೇವ ಹೆಚ್ಚಾದಾಗ ಅದು ತೇವವನ್ನು ಹೀರಿ ಮತ್ತೆ ದ್ರವವಾಗಿ ತನ್ನ ಕೆಲಸ ಮುಂದುವರಿಸುತ್ತದೆ. ಡ್ರ್ಯಾಗಿನ ಗುಂಡಿಯನ್ನು ಬಿಗಿಮಾಡಿ, ಸಿಹಿನೀರನ್ನು ಮಳೆಹನಿಯಂತೆ ಮೆಲ್ಲಗೆ ಸುರಿಯಬೇಕು. ಪೈಪಿನ ಜೋರಾದ ಧಾರೆ ಉಪ್ಪನ್ನು ಹೊರಗೆ ತೆಗೆಯುವ ಬದಲು ಬೇರಿಂಗುಗಳ ಒಳಗೆ ತಳ್ಳುತ್ತದೆ. ರೀಲನ್ನು ಬಕೆಟ್ಟಿನಲ್ಲಿ ಮುಳುಗಿಸುವುದೂ ಅಷ್ಟೇ ಕೆಟ್ಟದ್ದು. ಸ್ಪೂಲಿನ ವಿಷಯ ಬೇರೆ: ವಾಷರುಗಳನ್ನು ತೆಗೆದಿಟ್ಟು, ದಾರದ ಸಮೇತ ಸ್ಪೂಲನ್ನು ಸಿಹಿನೀರಿನಲ್ಲಿ ನೆನೆಹಾಕಿದರೆ ಬ್ರೇಡಿನ ನೇಯ್ಗೆಯಲ್ಲಿ ಕುಳಿತ ಉಪ್ಪು ಬಿಡುತ್ತದೆ. ರೀಲನ್ನು ಕೊಡವಿ, ನೆರಳಿನಲ್ಲಿ ಒಣಗಿಸಿ, ವಾಷರುಗಳು ಒಂದಕ್ಕೊಂದು ಒತ್ತಿಕೊಂಡು ಚಪ್ಪಟೆಯಾಗದಂತೆ ಡ್ರ್ಯಾಗನ್ನು ಪೂರ್ತಿ ಸಡಿಲಿಸಿ ಇಡುತ್ತೇನೆ. ರಾಡಿನ ಎರಡು ತುಂಡುಗಳು ಕೂಡುವ ಜಾಗವನ್ನು ಒರೆಸಿ ಮೇಣ ಸವರಿದರೆ ಅವು ಸಿಕ್ಕಿಕೊಳ್ಳುವುದೂ ಇಲ್ಲ, ಎಸೆಯುವಾಗ ತಿರುಗುವುದೂ ಇಲ್ಲ.

ಆಮೇಲಿನ ಕಡಲ ಓಡಾಟಗಳ ನಂತರ ರೋಲರನ್ನು ಮತ್ತೆ ಬಿಚ್ಚಿ ನೋಡಿದ್ದೇನೆ. ಬೇರಿಂಗ್ ಸರಾಗವಾಗಿದೆ, ಆದರೆ ಸ್ಕ್ರೂವಿನ ಬುಡದಲ್ಲಿ ಬಿಳಿಯ ಪುಡಿ ಸಣ್ಣಗೆ ಕಾಣಿಸಿಕೊಂಡಿದೆ, ಎಣ್ಣೆ ಬೆರೆಸಿ ತೆಳುವಾದ ಗ್ರೀಸ್ ಅಲ್ಲಿ ನಿಂತಿಲ್ಲ. ಈಗ ಸ್ಕ್ರೂವಿನ ಥ್ರೆಡ್ಡಿಗೆ ದಪ್ಪ ಗ್ರೀಸನ್ನೂ ಬೇರಿಂಗಿಗೆ ಮಾತ್ರ ತೆಳುವಾದದ್ದನ್ನೂ ಬೇರೆ ಬೇರೆಯಾಗಿ ಹಚ್ಚಿ ಜೋಡಿಸಿದ್ದೇನೆ. ಇದೂ ನಿಲ್ಲದಿದ್ದರೆ ಬೇರಿಂಗಿನ ಜಾಗಕ್ಕೆ ತುಕ್ಕೇ ಹಿಡಿಯದ ಪ್ಲಾಸ್ಟಿಕ್ ಬುಷ್ ಹಾಕಿ, ಬೆಂಡಿನ ಹಗುರ ಎಳೆತಕ್ಕೆ ಅದು ತಿರುಗುತ್ತದೆಯೇ ಎಂದು ಅದೇ ಕಪ್ಪು ಚುಕ್ಕೆಯಿಂದ ನೋಡಬೇಕಾಗುತ್ತದೆ.